ನಲವತ್ಮೂರನೇ ಪುಟದ ವಧು

ಮಂಗಳಗೌರಿ ಅಲಮೇಲಮ್ಮನವರನ್ನು ಮೊದಲ ಸಲ ಭೇಟಿಯಾದದ್ದು ಮುಖ ನೋಡದೆಯೇ. ಆಷಾಢ ಕಳೆದ ಮೊದಲ ಸೋಮವಾರ, ಬೆಳಿಗ್ಗೆ ಹತ್ತೂಕಾಲು. ನಂಜನಗೂಡಿನ ಕಲ್ಲಯ್ಯನವರ ಪ್ರೆಸ್ಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಇವಳು, ಟಿ. ನರಸೀಪುರದ ಮನೆಯ ಪಡಸಾಲೆಯಲ್ಲಿ ಅವರು, ನಡುವೆ ಫೋನು. ಇಲ್ಲಿ ಕೂತು ಅಲ್ಲಿಯ ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರಿಗೆ ಆ ಕಡೆಯ ಪರದೆಯಲ್ಲಿ ಕಾಣುವ ಒಂಬತ್ತು ಅಂಕಿ ಬೇಕಿತ್ತು. ಅಲಮೇಲಮ್ಮ ಗೋತ್ರಪ್ರವರ ಹೇಳುವ ಹಾಗೆ ಒಂದೊಂದಾಗಿ ಒಪ್ಪಿಸಿದರು. ಗೌರಿ ಒತ್ತಿಕೊಂಡಳು. ನರಸೀಪುರದ ಪರದೆಯ ಮೇಲೆ ಬಾಣ ತಾನಾಗಿ ಸರಿಯಿತು.

"ಓ, ಬಂದ್ಯೇನಮ್ಮ?" ಕುರ್ಚಿ ಹಿಂದಕ್ಕೆ ಜರುಗಿದ ಸದ್ದು. ಆಮೇಲೆ ತಗ್ಗಿದ ದನಿ: "ರೀ, ಮೇಲೊಂದು ಹೊದ್ಕೊಳಿ. ಪ್ರೆಸ್ಸಿನ ಹುಡುಗಿ ಬಂದಿದಾಳೆ."

ಯಜಮಾನರು ಅನಂತಪದ್ಮನಾಭಯ್ಯ ಉತ್ತರೀಯ ಹುಡುಕತೊಡಗಿದರು. "ಅಮ್ಮ, ನಂಗೆ ನೀವ್ಯಾರೂ ಕಾಣಲ್ಲ. ನಿಮ್ ಪರದೆ ಒಂದೇ ಕಾಣೋದು" ಎಂದಳು ಗೌರಿ.

"ನಿಂಗೆ ಕಾಣ್ದೆ ಇರ್ಬೋದು ಕಣಮ್ಮ. ಬಂದೋರ ಮುಂದೆ ನಾವು ಹೇಗಿರ್ಬೇಕೋ ಹಾಗಿರ್ಬೇಕಲ್ಲ."

ಅಲಮೇಲಮ್ಮ ಸಂಸ್ಕೃತ ಪಾಠಶಾಲೆಯೊಂದರ ಕಚೇರಿಯಲ್ಲಿ ಮೂವತ್ತೊಂದು ವರ್ಷ ಟೈಪು ಮಾಡಿ ನಿವೃತ್ತರಾದವರು. ಲಗ್ನಪತ್ರಿಕೆಯಲ್ಲಿ ಸೋದರಮಾವನ ಹೆಸರು ಎಲ್ಲಿ ಬರಬೇಕು, ಯಾವ ಊರಿನವರು ಯಾವ ದೇವರನ್ನು ಮೇಲೆ ಹಾಕಿಸುತ್ತಾರೆ, ಎಲ್ಲವೂ ಅವರಿಗೆ ಬಾಯಿಪಾಠ. ಅದಕ್ಕೇ ಕಲ್ಲಯ್ಯನವರು ಒಂದು ಕಂಪ್ಯೂಟರನ್ನು ಅವರ ಮನೆಯಲ್ಲೇ ಇಟ್ಟಿದ್ದರು. ನಿವೃತ್ತಿಯಾದ ಮೇಲೆ ಎಂಟು ತಿಂಗಳು ಸುಮ್ಮನೆ ಕೂತು, ಒಗ್ಗರಣೆಯ ಸಾಸಿವೆಗೂ ಯಜಮಾನರೊಡನೆ ಜಗಳ ಕಾಯುತ್ತಿದ್ದ ಅಲಮೇಲಮ್ಮ ಈ ಕೆಲಸ ಸಿಕ್ಕ ಮೇಲೆ ತಣ್ಣಗಾಗಿದ್ದರು.

ಗೌರಿ ಹೆಮ್ಮರಗಾಲದವಳು, ಮನೆಯಲ್ಲಿ ಡಿಗ್ರಿ ಮಾಡಿದ ಮೊದಲಿಗಳು. 'ದೊಡ್ಡೋರ್ನ ಕಂಡ್ರೆ, ಬರೋವಾಗ ನಮಸ್ಕಾರ ಮಾಡ್ದೆ ಬರ್ಬ್ಯಾಡ' ಎಂದು ಅವಳ ಅವ್ವ ಕಲಿಸಿದ್ದಳು. ಹಾಗಾಗಿ ಸಂಪರ್ಕ ಕಡಿಯುವ ಮುಂಚೆ ಅವಳು ಪ್ರತಿಸಲವೂ "ನಮಸ್ಕಾರ ಮಾಡ್ತೀನಿ ಅಮ್ಮ" ಎನ್ನುವಳು. "ಒಳ್ಳೇದಾಗ್ಲಿ, ಬೇಗ ಕಂಕಣ ಕೂಡಿಬರ್ಲಿ" ಎಂದು ಅವರು ಹರಸುವರು.

ಮೂರನೇ ವಾರಕ್ಕೆ ಕಾಟ ಶುರುವಾಯಿತು. ಎಂಟರ್ ಕೀಯನ್ನು ಒಂದು ಸಲ ಒತ್ತಿದರೆ ಸಾಲುಗಳು ತಾವಾಗಿ ಕೆಳಗೆ ಓಡುತ್ತಿದ್ದವು. ಕವಲಂದೆಯ ಮದುವೆಯೊಂದರ ಪತ್ರಿಕೆಯನ್ನು ಗೌರಿ ಪ್ರೆಸ್ಸಿನಲ್ಲಿ ತೆರೆದಾಗ ಅದು ನಲವತ್ಮೂರು ಪುಟವಾಗಿತ್ತು. ವರ ಮದನ್ ಮೊದಲ ಪುಟದಲ್ಲಿ, ವಧು ಶಿವಾನಿ ಕೊನೆಯದರಲ್ಲಿ, ನಡುವೆಲ್ಲ ಬಯಲು.

ಕಲ್ಲಯ್ಯನವರು ಕನ್ನಡಕ ಏರಿಸಿ ನೋಡಿದರು. "ಇವ್ರಿಬ್ರೂ ಒಬ್ರನ್ನೊಬ್ರು ಹುಡ್ಕೋದ್ರೊಳ್ಗೆ ಮೂರ್ತ ಮುಗ್ದೋಯ್ತದೆ ಕಣವ್ವ. ಶನಿವಾರದೊಳ್ಗೆ ಸರಿ ಮಾಡು. ಆಗ್ನಿಲ್ಲ ಅಂದ್ರೆ ಆ ಕಂಪ್ಯೂಟರ್ ಎತ್ಕಂಡ್ ಬತ್ತೀನಿ. ಇಲ್ಲೇ ಯಾರಾದ್ರೂ ಟೈಪ್ ಮಾಡ್ತಾರೆ."

ಗೌರಿ ಇದನ್ನು ಹೇಳಿದಾಗ ಅಲಮೇಲಮ್ಮ, "ಎತ್ಕೊಂಡು ಹೋಗ್ತಾರಂತಾ?" ಎಂದಷ್ಟೇ ಕೇಳಿದರು. ಹಿಂದಿನಿಂದ ಯಜಮಾನರ ದನಿ ಬಂತು: "ಹಾಗಾದ್ರೆ ನನ್ನೂ ಜೊತೇಲೇ ಎತ್ಕೊಂಡು ಹೋಗೋಕೆ ಹೇಳಮ್ಮ."

ಗೌರಿ ನಂಜನಗೂಡಿನಿಂದಲೇ ವೈರಸ್ ಹುಡುಕಿದಳು. ಟೈಪಿಂಗ್ ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದಳು. ಸ್ವಲ್ಪ ಹೊತ್ತು ಎಲ್ಲ ನೆಟ್ಟಗಿರುತ್ತಿತ್ತು. ನಮಸ್ಕಾರ ಹೇಳಿ ಹೊರಟರೆ ಮತ್ತೆ ಫೋನು. ಶುಕ್ರವಾರ ಒಂದೇ ದಿನ ಆರು ಸಲ ಆ ಪರದೆಯೊಳಗೆ ಹೋದಳು, ಆರು ಸಲವೂ ನಮಸ್ಕಾರ ಮಾಡಿದಳು. ಸಂಜೆಗೆ ಎಂಟರ್ ಜೊತೆಗೆ ಇನ್ನೆರಡು ಕೀಗಳೂ ಕಚ್ಚಿಕೊಂಡವು.

ಶನಿವಾರ ಬೆಳಿಗ್ಗೆ ಅವಳು ಬಸ್ಸು ಹತ್ತಿ ನರಸೀಪುರಕ್ಕೇ ಹೋದಳು. ಅಲಮೇಲಮ್ಮ ತಮ್ಮ ದನಿಗಿಂತ ಬಹಳ ಚಿಕ್ಕ ಆಳಾಗಿದ್ದರು. ಯಜಮಾನರು ಆಗಲೇ ಉತ್ತರೀಯ ಹೊದ್ದಿದ್ದರು. ಗೌರಿ ಕಾಫಿ ಕುಡಿದು ಕೀಬೋರ್ಡನ್ನು ತಲೆಕೆಳಗೆ ಮಾಡಿ ತಟ್ಟಿದಳು. ಅರಿಶಿನ ಬಣ್ಣದ ಅಕ್ಕಿ ಕಾಳುಗಳು ಮೇಜಿನ ಮೇಲೆ ಸುರಿದವು. ಎಂಟರ್ ಕೀಯ ಅಡಿಯಲ್ಲೇ ಮೂರು ಸಿಕ್ಕಿಕೊಂಡಿದ್ದವು.

"ಅಮ್ಮ, ಏನಿದು?"

"ಅಕ್ಷತೆ ಕಣಮ್ಮ. ನೀನು ನಮಸ್ಕಾರ ಮಾಡ್ತೀಯಲ್ಲ, ಮದ್ವೆ ವಯಸ್ಸಿನ ಹುಡುಗೀನ ಬರೀ ಬಾಯಲ್ಲಿ ಹರಸಿ ಕಳಿಸೋಕಾಗುತ್ತಾ? ಪರದೆ ಮೇಲೆ ಹಾಕ್ತಿದ್ದೆ. ಜಾರಿ ಕೆಳಗೆ ಬೀಳ್ತಿತ್ತು."

ಗೌರಿ ಒಂದು ಕಾಳನ್ನು ಎತ್ತಿ ನೋಡಿದಳು. ಆ ಕಂಪ್ಯೂಟರಿನ ಒಳಗೆ ಅವಳು ಜಾಲಾಡದ ಮೂಲೆಯಿರಲಿಲ್ಲ. ಕೀಬೋರ್ಡಿನ ಮೇಲೆ ಬಿದ್ದ ಅಕ್ಕಿ ಮಾತ್ರ ನಂಜನಗೂಡಿಗೆ ಕಾಣುವಂತಿರಲಿಲ್ಲ. ಕಾಳುಗಳನ್ನೆಲ್ಲ ಪಿನ್ನಿನಿಂದ ಎಬ್ಬಿಸಿ, ನಲವತ್ಮೂರು ಪುಟವನ್ನು ಒಂದು ಪುಟಕ್ಕೆ ತಂದು, ಕಲ್ಲಯ್ಯನವರಿಗೆ ಫೋನು ಮಾಡಿದಳು.

"ಸರೋಯ್ತು ಸಾ. ಮದನ್ ಪಕ್ಕಕ್ಕೆ ಶಿವಾನಿ ಬಂದ್ಲು."

"ಏನಾಗಿತ್ತವ್ವ?"

ಅಲಮೇಲಮ್ಮ ಸೆರಗಿನ ತುದಿ ಹಿಡಿದು ನಿಂತಿದ್ದರು. ಗೌರಿ ಅವರನ್ನೇ ನೋಡಿದಳು.

"ನಂದೇ ತಪ್ಪು ಸಾ. ನಮಸ್ಕಾರ ಜಾಸ್ತಿ ಆಗೋಗಿತ್ತು."

ಕಲ್ಲಯ್ಯನವರಿಗೆ ಏನೂ ಅರ್ಥವಾಗಲಿಲ್ಲ. "ಸರೋಯ್ತಲ್ಲ, ಬುಡು. ಕಂಪ್ಯೂಟರ್ ಅಲ್ಲೇ ಇರ್ಲಿ" ಎಂದು ಫೋನಿಟ್ಟರು.

ಹೊರಡುವಾಗ ಗೌರಿ ಮೇಜಿನಿಂದ ನಾಲ್ಕು ಹೆಜ್ಜೆ ದೂರ ಬಂದು, ಬಗ್ಗಿ ಕಾಲು ಮುಟ್ಟಿದಳು. ಅಲಮೇಲಮ್ಮ ಹಿಡಿತುಂಬ ಅಕ್ಷತೆ ಹಾಕಿದರು.

ಅಲಮೇಲಮ್ಮ ಈಗಲೂ ಅದೇ ಪಡಸಾಲೆಯಲ್ಲಿ ಕೂತು ಕಲ್ಲಯ್ಯನವರ ಪ್ರೆಸ್ಸಿಗೆ ಲಗ್ನಪತ್ರಿಕೆ ಟೈಪು ಮಾಡುತ್ತಾರೆ. ಗೌರಿ ನಮಸ್ಕಾರ ಹೇಳುವ ಹೊತ್ತಿಗೆ ಕೀಬೋರ್ಡಿನ ಮೇಲೆ ಟವೆಲ್ ಹಾಸುತ್ತಾರೆ.