ಒಬ್ಬಳೇ ಅಕ್ಕ, ಎರಡು ರೇಟು

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ತಾಂಡ್ಯ ಕೈಗಾರಿಕಾ ಪ್ರದೇಶದ ಒಂದು ನೂಲಿನ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ನನಗೆ ಕೆಲಸ. ದಿನಾ ನರಸೀಪುರದಿಂದ ಬಸ್ಸಿನಲ್ಲಿ ನಿಂತೇ ಬರುತ್ತಿದ್ದೆ. ಯಾರಿಗೆ ಯಾವ ಶಿಫ್ಟು, ಯಾರಿಗೆ ಯಾವ ರೇಟಿನ ಸಂಬಳ ಎಂದು ಕಂಪ್ಯೂಟರಿಗೆ ಹಾಕಬೇಕಿತ್ತು. ಕೋಪ ನನಗೆ ಮೂಗಿನ ತುದಿಯಲ್ಲೇ. ಮದುವೆಯಾದ ಮೇಲೂ ಇಳಿಯಲಿಲ್ಲವಲ್ಲ ಎಂದು ನಮ್ಮತ್ತೆ ಗೊಣಗುತ್ತಿದ್ದರು.

ನೂಲು ಸುತ್ತುವ ಮಿಷನ್ನಿಗೆ ಹುಲ್ಲಹಳ್ಳಿ ಕಡೆಯವನೊಬ್ಬ ಆಪರೇಟರ್. ತಗಡೂರಿನಿಂದ ಬರುತ್ತಿದ್ದ ಒಬ್ಬ ಅಕ್ಕ ಅವನ ಹೆಲ್ಪರ್. ಗದ್ದೆಗೆ ನಾಲೆ ನೀರಿನ ಸರದಿ ಬಂತೆಂದರೆ ಅವನು ರಜೆ ಹಾಕಿ ಓಡುತ್ತಿದ್ದ. ಆಗೆಲ್ಲ ಮಿಷನ್ ನಡೆಸುತ್ತಿದ್ದವಳು ಅಕ್ಕನೇ. ಕೆಲಸ ಆಪರೇಟರದು, ಸಂಬಳ ಹೆಲ್ಪರದು. ಅದು ಸಾಲದೆ ವಾರದ ರಜೆಯಲ್ಲೂ ಕಳೆ ಕೀಳುವ ಕೂಲಿಗೆ ಹೋಗುತ್ತಿದ್ದಳು. ಆಪರೇಟರ್ ರೇಟು ಸಿಕ್ಕರೆ ಆ ಒಂದು ದಿನವಾದರೂ ಮನೆಯಲ್ಲಿರಬಹುದು ಎನ್ನುವುದು ಅವಳ ಆಸೆ.

ನಾನೇ ಮ್ಯಾನೇಜರ ಹತ್ತಿರ ಹೋದೆ. "ಅವಳು ಮಿಷನ್ ನಡೆಸಿದ ದಿನಗಳಿಗಾದರೂ ರೇಟು ಬದಲಾಯಿಸಿ ಸರ್."

"ತಿಂಗಳ ಮಧ್ಯೆ ಬದಲಾಯಿಸಿದರೆ ಕಂಪ್ಯೂಟರ್ ತಗೊಳಲ್ಲಮ್ಮ. ಒಬ್ಬರಿಗೆ ಒಂದೇ ರೇಟು."

"ಇಲ್ಲಿ ಯಜಮಾನರು ಯಾರು ಸರ್, ನೀವೋ ಕಂಪ್ಯೂಟರೋ?"

ಅವರು ಕನ್ನಡಕ ಒರೆಸಿಕೊಂಡು ಮತ್ತೆ ಫೈಲಿಗೆ ಬಗ್ಗಿದರು. ನನಗೆ ಮೈಯೆಲ್ಲ ಉರಿದುಹೋಯಿತು. ನಡೆದದ್ದನ್ನು ಅಕ್ಕನಿಗೆ ಹೇಳಿದೆ.

ಮುಂದಿನ ನೀರಿನ ಸರದಿ ಬಂದ ಬೆಳಿಗ್ಗೆ ಆಪರೇಟರ್ ರಜೆ ಚೀಟಿ ಹಿಡಿದು ಸಹಿಗೆ ಕಾಯುತ್ತಾ ಗೇಟಿನಲ್ಲೇ ನಿಂತಿದ್ದ. ಒಳಗೆ ಮಿಷನ್ ನಿಂತೇ ಇತ್ತು. ಮ್ಯಾನೇಜರೂ ಅವರ ಹಿಂದೆ ನಾನೂ ಬಂದು ನೋಡಿದರೆ ಅಕ್ಕನ ಕೈಯಲ್ಲಿ ಪೊರಕೆ.

"ಮಿಷನ್ ಯಾಕಮ್ಮ ಹಾಕಿಲ್ಲ?"

"ಆಪರೇಟ್ರು ಬಂದಿಲ್ಲ ಸಾ. ನಾನು ಎಲ್ಪರ್ ಅಲ್ವಾ, ಕಸ ಗುಡಿಸ್ತೀನಿ."

ಮಾತು ಗಟ್ಟಿಯಾಗಿಯೇ ಬಂತು, ಆದರೆ ಅವರ ಮುಖ ನೋಡದೆ ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದಳು. ಇದ್ದ ಕೆಲಸವೂ ಹೋದರೆ ವಾರವಿಡೀ ಕೂಲಿಯೇ ಗತಿ.

ಮ್ಯಾನೇಜರು ಆಪರೇಟರನನ್ನು ಒಳಗೆ ಕರೆಸಿ, ರಜೆ ಇಲ್ಲ ಎಂದರು. ಅವನು ಜಗ್ಗಲಿಲ್ಲ.

"ನಾಲೇಲಿ ನೀರು ಬುಟ್ಟವ್ರೆ ಸಾ, ಇವತ್ತು ಬುಟ್ರೆ ಪೈರು ಒಣಗೋಯ್ತದೆ. ಅಕ್ಕ ನನ್ನಷ್ಟೇ ಚೆಂದಾಗಿ ಓಡಿಸ್ತದೆ. ಆಯಮ್ಮಂಗೆ ರೇಟು ಕೊಟ್ರೆ ನಿಮ್ಗೇನ್ ಸಾ ಕಷ್ಟ?"

ಮ್ಯಾನೇಜರು ನಿಂತ ಮಿಷನ್ ನೋಡಿದರು, ನನ್ನ ಮುಖ ನೋಡಿದರು. "ಏನಾದರೂ ಮಾಡಮ್ಮ" ಎಂದು ಹೊರಟೇಹೋದರು. ಆಪರೇಟರ್ ಗದ್ದೆಗೆ ಓಡಿದ, ಅಕ್ಕ ಪೊರಕೆ ಮೂಲೆಗಿಟ್ಟು ಮಿಷನ್ ಹಾಕಿದಳು.

ನಾನು ಮಾಡಿದ್ದಿಷ್ಟೇ. ಅಕ್ಕನ ಹೆಸರನ್ನು ಎರಡು ಸಲ ಹಾಕಿದೆ, ಒಂದು ಸಲ ಹೆಲ್ಪರ್ ಎಂದು, ಇನ್ನೊಂದು ಸಲ, ಮಿಷನ್ ನಡೆಸಿದ ದಿನಗಳಿಗೆ, ಆಪರೇಟರ್ ಎಂದು. ಕಂಪ್ಯೂಟರಿನ ಲೆಕ್ಕದಲ್ಲಿ ಅವರು ಇಬ್ಬರು ಹೆಂಗಸರು. ಆ ಮೂದೇವಿ ಯಂತ್ರ ಈಗ ತಕರಾರಿಲ್ಲದೆ ತೆಗೆದುಕೊಂಡಿತು.

ಸಂಬಳದ ದಿನ ಅಕ್ಕನಿಗೆ ಎರಡು ಚೀಟಿ ಬಂದವು. ಆಪರೇಟರ್ ಚೀಟಿಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹೆಲ್ಪರ್ ಚೀಟಿಯನ್ನು ನನ್ನ ಮೇಜಿನ ಮೇಲಿಟ್ಟಳು.

"ಇವ್ಳಿಗೆ ಮುಂದಿನ್ ತಿಂಗ್ಳಿಂದ ಬರಬ್ಯಾಡ ಅನ್ನಿ ಮೇಡಮ್ಮೋರೆ."

ನಗು ತಡೆಯಲಾಗದೆ ಆ ಮಾತನ್ನು ಇದ್ದ ಹಾಗೇ ಮ್ಯಾನೇಜರಿಗೆ ಒಪ್ಪಿಸಿದೆ. ಮುಂದಿನ ತಿಂಗಳ ಶಿಫ್ಟು ಪಟ್ಟಿ ಅವರ ಎದುರಿಗೇ ಇತ್ತು. ಎರಡನೇ ಶಿಫ್ಟಿನ ಆಪರೇಟರ್ ಜಾಗ ಖಾಲಿ. ಅವರು ಅದರ ಮೇಲೆ ಬೆರಳಿಟ್ಟರು.

"ಆಯ್ತು, ಆ ಹೆಲ್ಪರ್ ಬರೋದು ಬೇಡ ಅನ್ನು" ಎಂದು ಪೆನ್ನು ತೆಗೆದರು. "ಆಪರೇಟರಮ್ಮನಿಗೆ ಒಂದನೇ ತಾರೀಖಿಂದ ಬರೋಕೆ ಹೇಳು."