ಎರಡು ಬಣ್ಣದ ತೋಳು

ಗಿರಿಜಾ ಆಂಟಿ ಯಾವ ಉಡುಪನ್ನೂ ಮೊದಲು ಎದುರಿನಿಂದ ನೋಡುತ್ತಿರಲಿಲ್ಲ. ಫ್ಯಾಷನ್ ಪ್ರದರ್ಶನಕ್ಕೆ ಹೋದರೂ ಸೀದಾ ಹಿಂದೆ ನಡೆದು, ಕಾಲರಿನೊಳಗೆ ಎರಡು ಬೆರಳು ತೂರಿಸಿ ಹೊಲಿಗೆ ತಡವುತ್ತಿದ್ದರು. “ಆಂಟಿ, ಕೆನಾಟ್ ಟಚ್ ಲಾ!” ಎಂದು ಕಾವಲಿನವನು ಓಡಿಬಂದರೆ, “ಮುಟ್ಟದ ಹೆಂಗ ನೋಡೂದೋ ಮಾರಾಯ?” ಎಂದು ಅವನನ್ನು ಕನ್ನಡದಲ್ಲೇ ಕೇಳುತ್ತಿದ್ದರು. ಆಮೇಲೆ ನನಗೆ ಪಾಠ: “ಹೊರಗ ಎಲ್ಲಾ ಬಟ್ಟಿನೂ ನಗತಾವ್ರಿ. ಒಳಗ ನೋಡಿದ್ರ ಹಣೇಬರ ತಿಳೀತದ.”

ಅವರು ಗುಳೇದಗುಡ್ಡದವರು. ಸಿಂಗಪುರದ ನಮ್ಮ ಕನ್ನಡ ಕೂಟದಲ್ಲಿ ಎಲ್ಲರಂತೆ ಬೆಂಗಳೂರು ಕನ್ನಡ ಆಡುತ್ತಿದ್ದರು. ಬಟ್ಟೆಯ ವಿಷಯ ಬಂತೆಂದರೆ ಊರಿನ ಮಾತು ಬರುತ್ತಿತ್ತು. ಕಾಕಿ ಬುಕಿತ್‌ನ ಗೋದಾಮೊಂದರ ಮೂರನೇ ಮಹಡಿಯ ಕೋಣೆಯಲ್ಲಿ, ಊರಿನಿಂದ ತರಿಸಿದ ಖಣದ ಬಟ್ಟೆಯಲ್ಲಿ ರಾಫೆಲ್ಸ್ ಪ್ಲೇಸ್‌ನ ಆಫೀಸು ಹೆಂಗಸರಿಗೆ ಜಾಕೆಟ್ ಹೊಲಿಯುತ್ತಿದ್ದರು. “ಏನಾಂಟಿ, ಅಜ್ಜಿ ಬ್ಲೌಸಿಗೆ ಪ್ರಮೋಷನ್ನಾ?” ಎಂದು ಒಬ್ಬಳು ಕಿಚಾಯಿಸಿದಾಗ, “ಹೌದವ್ವಾ, ನಿನಗಿಂತ ಮೊದಲ ಅದಕ್ಕ ಸಿಕ್ತು” ಎಂದಿದ್ದರು.

ನಾನು ಕೂಟದ ಪತ್ರಿಕೆಗೆ ವರ್ಷಕ್ಕೊಮ್ಮೆ ಮೆಚ್ಚಿನ ಒಂದು ಉಡುಪು, ಒಂದು ಕಲಾಕೃತಿ, ಒಂದು ಫೋಟೊ ಆರಿಸಿ ಬರೆಯುತ್ತೇನೆ. ಆರಿಸಲು ಹೋಗುವಾಗ ಆಂಟಿ ಜೊತೆಗಿರುತ್ತಿದ್ದರು. ಕಳೆದ ಸಲ, ಫ್ಲ್ಯಾಟಿನ ಕಿಟಕಿಯಾಚೆ ಬಿದಿರ ಕೋಲಿನಲ್ಲಿ ಒಣಗುವ ಬಟ್ಟೆಗಳ ಫೋಟೊದ ಮುಂದೆ ಮೂಗು ಗಾಜಿಗೆ ತಾಗುವಷ್ಟು ಹತ್ತಿರ ನಿಂತರು. “ಆ ಕರೇ ಅಂಗಿಗೆ ಕ್ಲಿಪ್ಪಿಲ್ಲ ನೋಡ್ರಿ, ಹಾರತದ ಈಗ” ಎಂದರು. ಅಂಗಿ ನೀಲಿಯದಾಗಿತ್ತು. ಬಾಯಿತಪ್ಪು ಎಂದುಕೊಂಡೆ.

ಆ ವರ್ಷದ ಉಡುಪಾಗಿ ನಾನು ಆರಿಸಿದ್ದು ಅವರದೇ ಜಾಕೆಟ್. ಕೂಟದ ಪ್ರದರ್ಶನದಲ್ಲಿ ತೂಗುಹಾಕಿದ್ದರು. “ಒಂದು ತೋಳು ಕಪ್ಪು, ಇನ್ನೊಂದು ಕಡುನೀಲಿ. ಈ ವರ್ಷ ಕಂಡ ಅತ್ಯಂತ ದಿಟ್ಟ ವಿನ್ಯಾಸ” ಎಂದು ಬರೆದೆ. ಸಂಬಂಧಪಟ್ಟವರನ್ನು ಕೇಳದೆ ಅಚ್ಚಿಗೆ ಕಳಿಸಬಾರದೆಂದು ದಿನಪತ್ರಿಕೆಯ ಡೆಸ್ಕಿನಲ್ಲಿ ಹೊಸಬರಿಗೆ ವರ್ಷಗಟ್ಟಲೆ ಹೇಳಿಕೊಟ್ಟವಳು ನಾನು. ಆಂಟಿಗೆ ಒಂದು ಫೋನೂ ಮಾಡಲಿಲ್ಲ.

ಪತ್ರಿಕೆ ಹಿಡಿದು ಪುಂಗೋಲ್‌ನ ಅವರ ಮನೆಗೆ ಹೋದಾಗ ಆಂಟಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ಮಗಳು ಅನಘಾ ಜೋರಾಗಿ ಓದಿ, “ಅಮ್ಮಾ, ಯೂ ಸೋ ಫೇಮಸ್ ಆಲ್ರೆಡಿ ಲಾ!” ಎಂದಳು.

ಆಂಟಿಯ ಕೈ ನಿಂತಿತು. “ಇನ್ನೊಮ್ಮೆ ಓದು.”

ಓದಿದಳು.

“ಎರಡೂ ತೋಳು ಕರೇವ ಅಲ್ಲೇನು?”

ಅನಘಾ ನನ್ನ ಕಡೆ ನೋಡಿ ಪತ್ರಿಕೆ ಮಡಿಸಿದಳು. ಆಂಟಿಯೇ ಹೇಳಿದರು: “ಕಣ್ಣಿನ ಡಾಕ್ಟರು ವರ್ಷದ ಹಿಂದ ಹೇಳಿದ್ರು, ನಡುವಿನ ನೋಟ ಹೋಗ್ತದ, ಬದೀದಷ್ಟ ಉಳೀತದ ಅಂತ. ಬಣ್ಣ ಇಷ್ಟ ಲಗೂನ ಹೋಗ್ತದ ಅಂದಿದ್ದಿಲ್ಲ.”

“ನಿಂಗೆ ಟಚ್ ಮಾಡಿದ್ರೇ ಗೊತ್ತಾಗುತ್ತಲ್ವಾ ಅಮ್ಮಾ?” ಎಂದಳು ಅನಘಾ.

“ನೇಯ್ಗಿ ಗೊತ್ತಾಗ್ತದ. ಬಣ್ಣ ಮುಟ್ಟಾಕ ಬರೂದಿಲ್ಲ.”

ತಿದ್ದುಪಡಿ ಹಾಕುತ್ತೇನೆ ಎಂದೆ.

“ಏನಂತ ಹಾಕ್ತೀರಿ? ದಿಟ್ಟ ಅಲ್ಲ, ಕುರುಡು ಅಂತನೋ?”

ಅಷ್ಟರಲ್ಲಿ ನನ್ನ ಬರಹ ಕೆಲಸ ಮಾಡಿತ್ತು. ನಾಲ್ಕೈದು ಹೆಂಗಸರು ಅಂಥದೇ ಜಾಕೆಟ್ ಬೇಕೆಂದರು, ತೋಳು ಬೇರೆ ಬೇರೆಯೇ ಇರಬೇಕೆಂದರು. ಮುಂದಿನ ಶನಿವಾರ ಆಂಟಿ ನನ್ನನ್ನು ಕಾಕಿ ಬುಕಿತ್‌ಗೆ ಕರೆಸಿಕೊಂಡರು. ಮೇಜಿನ ಮೇಲೆ ಕಪ್ಪು, ಕಡುನೀಲಿ ಎರಡು ಥಾನು ಖಣ, ಎರಡಕ್ಕೂ ಒಂದೇ ಕೆಂಪು ಅಂಚು.

“ಕರೇದು ಯಾವ್ದು?”

ಅವರ ಕೈಯನ್ನು ಅದರ ಮೇಲಿಟ್ಟೆ. ಗುರುತಿಗೆ ಒಂದು ಪಿನ್ನು ಚುಚ್ಚಿಕೊಳ್ಳಿ ಎಂದೆ. ಚುಚ್ಚಿದರು. ಕತ್ತರಿ ಎತ್ತಿಕೊಂಡರು, ಕೆಳಗಿಟ್ಟರು.

“ಇನ್ಮ್ಯಾಲೆ ಪಿನ್ನು ಹೇಳಿದಂಗ ಹೊಲೀಬೇಕೇನ್ರಿ ನಾನು?” ಎಂದರು. ಆಮೇಲೆ, ನನ್ನ ಕಡೆ ಮುಖ ಮಾಡದೆ, “ಅದ ತಪ್ಪ ಇನ್ನೊಮ್ಮೆ ಮಾಡಾಕೂ ಕಣ್ಣ ಬೇಕಲ್ರಿ.”

ಆ ತಿಂಗಳೇ ಕೋಣೆ ಬಿಟ್ಟುಕೊಟ್ಟರು. ಎರಡು ಬಾರಿ ಪುಂಗೋಲ್‌ಗೆ ಹೋದೆ. ಮೊದಲ ಸಲ ಬಾಗಿಲು ತೆರೆಯಲಿಲ್ಲ. ಎರಡನೇ ಸಲ ಬೆಳಗ್ಗೆ ಹನ್ನೊಂದಕ್ಕೆ, ಅನಘಾ ಬಾಗಿಲನ್ನು ಅರ್ಧ ತೆರೆದು, “ಅಮ್ಮ ಮಲಗಿದ್ದಾರೆ ಆಂಟಿ” ಎಂದಳು.

“ಯಾರವ್ವಾ?” ಎಂದು ಒಳಗಿನಿಂದ ದನಿ ಬಂತು.

ಅನಘಾ ನನ್ನ ಹೆಸರು ಹೇಳಿದಳು. ಇಬ್ಬರೂ ಕಾದೆವು. ಒಳಗಿನಿಂದ ಮತ್ತೆ ದನಿ ಬರಲಿಲ್ಲ.