ಭಾಮೈದ ಕೊಂಡೊಯ್ದ ಮಾತು

ಆ ಟೈಲರ್ ಇಪ್ಪತ್ತೆರಡು ವರ್ಷದಿಂದ ಗಿರಾಕಿಗಳಿಗೆ ಹೇಳುತ್ತಾ ಬಂದದ್ದು ಒಂದೇ ಮಾತು: “ಒಂದ್ನಿಮಿಷ ಇರಿ, ಆಗೋಯ್ತು.” ಬಟ್ಟೆಗೆ ಇನ್ನೂ ಕತ್ತರಿಯೇ ತಾಗಿರದಿದ್ದರೂ ತೋರುಬೆರಳೆತ್ತಿ ಹಾಗೆ ಹೇಳಿಬಿಡುತ್ತಿದ್ದ. ಜನ ಗೊಣಗಿಕೊಂಡು ಬೆಂಚಿನ ಮೇಲೆ ಕೂರುತ್ತಿದ್ದರು. ಕೈ ಮಾತ್ರ ಚಿನ್ನದಂಥದ್ದು. ಹೊಲಿಗೆ ಬಿಟ್ಟುಹೋಯಿತು ಅಂತ ವಾಪಸು ಬಂದವರಿಲ್ಲ.

ಹೆಂಡತಿಯ ತಮ್ಮ ಎರಡು ವರ್ಷ ಅವರ ಮನೆಯಲ್ಲೇ ಇದ್ದ. ಆರಡಿ ಮೀರಿದ ಆಳು, ಒಂದು ಕೆಲಸವನ್ನೂ ನೆಟ್ಟಗೆ ಹಿಡಿಯಲಿಲ್ಲ. ಮಧ್ಯಾಹ್ನವೆಲ್ಲ ಅಂಗಡಿಯಲ್ಲಿ ಕೂತು, ಭಾವ ಗಿರಾಕಿಗಳನ್ನು ಸಾಗಹಾಕುವುದನ್ನು ನೋಡಿ ನಗುತ್ತಿದ್ದ. ಆಮೇಲೆ ಟಿವಿಯಲ್ಲಿ ಬರುವ ಕುಸ್ತಿ ಶೋ ಸೇರಿಕೊಂಡ. ಯಾರು ಗೆಲ್ಲಬೇಕು ಅನ್ನುವುದು ಅಲ್ಲಿ ಮೊದಲೇ ತೀರ್ಮಾನವಾಗಿರುತ್ತದೆ. ಮೊದಲ ವರ್ಷವೆಲ್ಲ ಸೋಲುವುದೇ ಇವನ ಕೆಲಸ. ಒಂದು ಸಂಜೆ ಎದುರಾಳಿಯನ್ನು ಹೆಗಲ ಮೇಲೆ ಹೊತ್ತು, ತೋರುಬೆರಳೆತ್ತಿ, ಥೇಟ್ ಭಾವನ ದನಿಯಲ್ಲಿ “ಒಂದ್ನಿಮಿಷ ಇರಿ” ಅಂದ. ಅಂದವನೇ ನೆಲಕ್ಕೆ ಒಗೆದ. ಜನ ಬಿದ್ದು ಬಿದ್ದು ನಕ್ಕರು. ಮುಂದಿನ ವಾರ ಅವನು ಅರ್ಧ ಹೇಳಿದರೆ ಉಳಿದರ್ಧವನ್ನು ಸಾವಿರಾರು ಜನ ಕೂಗಿದರು: “ಆಗೋಯ್ತು!” ಕುಸ್ತಿ ಅಭಿಮಾನಿಗಳ ಬಾಯಲ್ಲಿ ಆ ಮಾತಿಗೆ ಎದುರಾಳಿಯ ಕಥೆ ಮುಗೀತು ಅನ್ನುವ ಅರ್ಥ ಬಂತು. ಟೀ ಶರ್ಟಿನ ಮೇಲೂ ಅಚ್ಚಾಯಿತು.

ಟೈಲರ್‌ನ ಹೊಟ್ಟೆಗೆ ಬೆಂಕಿ ಬಿತ್ತು. ಅಂಗಡಿಯಲ್ಲಿ ಅಭ್ಯಾಸಬಲದಿಂದ ಬೆರಳೆತ್ತಿದರೆ, ನೀವೂ ಅವನ ಫ್ಯಾನಾ ಅಂತ ಹೊಸ ಗಿರಾಕಿಗಳು ಕೇಳುತ್ತಿದ್ದರು. ಅದು ನನ್ನದೇ ಮಾತು ಅಂದರೆ ಇನ್ನೂ ಜೋರಾಗಿ ನಗುತ್ತಿದ್ದರು. ಹೆಂಡತಿಗೆ ಹೇಳಿಕೊಂಡರೆ, ಮಾತೇನು ನಿಮ್ಮಪ್ಪನ ಆಸ್ತಿಯಾ ಅಂದಳು.

ದೊಡ್ಡ ಪಂದ್ಯವೊಂದು ಗೊತ್ತಾದಾಗ ಭಾಮೈದ ಕಿತ್ತಳೆ ಬಣ್ಣದ ಬಟ್ಟೆ ತಂದುಕೊಟ್ಟ. ಅವನ ಚಡ್ಡಿಗಳನ್ನೆಲ್ಲ ಹೊಲಿಯುತ್ತಿದ್ದವನು ಭಾವನೇ. ಹಿಂಭಾಗಕ್ಕೆ ಯಾವತ್ತೂ ಎರಡು ಸಾಲು ಹೊಲಿಗೆ ಹಾಕುತ್ತಿದ್ದವನು ಈ ಸಲ ಒಂದೇ ಸಾಲು ಹಾಕಿದ, ಅದೂ ಸಡಿಲವಾಗಿ, ಲಡ್ಡಾದ ನೂಲಿನಲ್ಲಿ.

ಪಂದ್ಯದ ದಿನ ಗಂಡ ಹೆಂಡತಿ ಮುಂದಿನ ಸಾಲಿನಲ್ಲೇ ಕೂತಿದ್ದರು. ಭಾಮೈದ ಬಗ್ಗಿ ಎದುರಾಳಿಯ ಕಾಲು ಹಿಡಿದದ್ದೇ ತಡ, ಚಡ್ಡಿ ಪರ್ರನೆ ಹರಿಯಿತು. ಅವನು ಒಂದು ಕೈಯಿಂದ ಹಿಂಭಾಗ ಮುಚ್ಚಿಕೊಂಡು, ಇನ್ನೊಂದು ಕೈಯ ಬೆರಳೆತ್ತಿ, ಎದುರಾಳಿಗೆ ಬಹಳ ವಿನಯದಿಂದ “ಒಂದ್ನಿಮಿಷ ಇರಿ” ಅಂದ. ಜನ “ಆಗೋಯ್ತು” ಅಂತ ಕೂಗಿದ ಕೂಗಿಗೆ ಕುರ್ಚಿಗಳು ಅದುರಿದವು. ಅವನಿಗೆ ಅಷ್ಟು ಚಪ್ಪಾಳೆ ಹಿಂದೆಂದೂ ಸಿಕ್ಕಿರಲಿಲ್ಲ. ಪಕ್ಕದಲ್ಲಿ ಹೆಂಡತಿ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಟೈಲರ್ ಮಾತ್ರ ಹಲ್ಲು ಕಚ್ಚಿಕೊಂಡು ಕೂತಿದ್ದ.

ಪಂದ್ಯ ಮುಗಿದ ಮೇಲೆ ಟೈಲರ್ ಒಬ್ಬನೇ ಒಳಗಿನ ಕೋಣೆಗೆ ಹೋದರೆ, ಭಾಮೈದ ಟವೆಲ್ ಸುತ್ತಿಕೊಂಡು ಹರಿದ ಚಡ್ಡಿಯನ್ನು ಬಲ್ಬಿನ ಬೆಳಕಿಗೆ ಹಿಡಿದಿದ್ದ. ಎರಡು ವರ್ಷ ಮಷೀನಿನ ಪಕ್ಕ ಕೂತವನಿಗೆ ಹೊಲಿಗೆ ಗೊತ್ತಾಗುತ್ತಿತ್ತು.

“ಒಂದೇ ಸಾಲು ಹಾಕಿದೀರ, ಭಾವ.”

“ಅದು ನನ್ನ ಮಾತು ಕಣೋ,” ಅಂದ ಟೈಲರ್.

“ನೀವು ಕೇಳಿದ್ದಿದ್ರೆ ಎಲ್ಲರ ಮುಂದೆ ಹೇಳ್ತಿದ್ದೆ, ನಿಮ್ಮದೇ ಅಂತ.”

ಜಗಳವಾಗಲಿಲ್ಲ. ಭಾಮೈದ ಅಕ್ಕನ ಕಿವಿಗೂ ಹಾಕಲಿಲ್ಲ. ಆದರೆ ಮುಂದಿನ ಬಟ್ಟೆ ಎದುರು ಅಂಗಡಿಯ ಟೈಲರ್‌ನ ಪಾಲಾಯಿತು. ಆ ಮನುಷ್ಯನಿಗೆ ಕಾಲರ್ ಕೂರಿಸಲೂ ನೆಟ್ಟಗೆ ಬರುವುದಿಲ್ಲ. ಈಗ ಬೆಳಿಗ್ಗೆ ಭಾವ ತನ್ನ ಶಟರ್ ಎತ್ತಿದರೆ ಅಲ್ಲಿ ತೂಗುಹಾಕಿದ ಭಾಮೈದನ ನೀಲಿ ಚಡ್ಡಿ ಕಣ್ಣಿಗೆ ಬೀಳುತ್ತದೆ. ಹೊಲಿಗೆ ಸೊಟ್ಟಗಿರುವುದು ರಸ್ತೆಯಾಚೆಗೂ ಕಾಣುತ್ತದೆ. ಜನ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿರುತ್ತಾರೆ.